ತೇಪೆ ಹಾಕಿ, ಮುಚ್ಚಿಡಬೇಡಿ

ಹಳೆಯ ನೋಟನ್ನು ತೊಳೆದು, ಇಸ್ತ್ರಿ ಮಾಡಿ, ಪಿನ್ನಿನ ತೂತು ಮುಚ್ಚಿ ಮಾರುವವರು ಆ ಸಂಗತಿಯನ್ನು ಕೊಳ್ಳುವವರಿಗೆ ಬಾಯಿಬಿಟ್ಟು ಹೇಳಬೇಕು ಅಂತ ಹೊಸಪೇಟೆಯ ಸಂಗ್ರಾಹಕ ಗೆಳೆಯರ ಮುಂದೆ ಹೇಳಿದ್ದೇ ತಡ, ಎಲ್ಲರೂ ನನ್ನ ಮೇಲೆ ಮುಗಿಬಿದ್ದರು. ಸಿಟ್ಟು ಹಾಗಿರಲಿ. ಅವರ ವಾದಗಳಿಗೆ ಒಂದೊಂದಾಗಿ ಉತ್ತರ ಕೊಡುವುದು ನನ್ನ ಕರ್ತವ್ಯ.

ಒಂದು: "ಹಂಪಿಯನ್ನೇ ರಿಪೇರಿ ಮಾಡಿದ್ದಾರೆ. ಕಲ್ಲಿಗಿಲ್ಲದ ಮಡಿ ಕಾಗದಕ್ಕೇಕೆ?"

ಹಾಗಿದ್ದರೆ ಜೇಬಿನಿಂದ ಐವತ್ತರ ನೋಟು ತೆಗೆಯಿರಿ. 2017ರಲ್ಲಿ ಬಂದ ಆ ನೀಲಿ ನೋಟಿನ ಹಿಂಬದಿಯಲ್ಲಿ ಹಂಪಿಯ ವಿಠ್ಠಲ ಗುಡಿಯ ಕಲ್ಲಿನ ರಥವಿದೆ. ಗ್ರೀನ್‌ಲಾ ಎಂಬ ಛಾಯಾಗ್ರಾಹಕ 1856ರಲ್ಲಿ ತೆಗೆದ ಫೋಟೋದಲ್ಲಿ ಇದೇ ರಥದ ತಲೆಯ ಮೇಲೆ ಇಟ್ಟಿಗೆಯ ಗೋಪುರವಿತ್ತು, ನೋಟಿನಲ್ಲಿ ಅದಿಲ್ಲ. ಮುಂದೆ ನಿಂತ ಆನೆಗಳೂ ಮೂಲದವಲ್ಲ, ಆ ಜಾಗದಲ್ಲಿದ್ದದ್ದು ಕುದುರೆಗಳು. ಆನೆಯ ಹಿಂದೆ ಬಗ್ಗಿ ನೋಡಿದರೆ ಕುದುರೆಯ ಹಿಂಗಾಲು, ಬಾಲ ಇವತ್ತಿಗೂ ಕಾಣುತ್ತವೆ. ಅವನ್ನು ಯಾರೂ ಕೆತ್ತಿ ಅಳಿಸಲಿಲ್ಲ. ಹಂಪಿಯ 1528ರ ನರಸಿಂಹ ವಿಗ್ರಹವನ್ನೂ ನೋಡಿ. ಮೊಣಕಾಲುಗಳಿಗೆ ಆಸರೆಯಾಗಿರುವ ಕಲ್ಲಿನ ಪಟ್ಟಿ ಈಚಿನದು. ಆದರೆ ಒಡೆದುಹೋದ ಲಕ್ಷ್ಮಿಯನ್ನು ಹೊಸದಾಗಿ ಕೆತ್ತಿ ತೊಡೆಯ ಮೇಲೆ ಕೂರಿಸಿಲ್ಲ. ದೇವರ ಬೆನ್ನ ಮೇಲೆ ಆಕೆಯ ಕೈಯೊಂದು ಉಳಿದಿದೆ, ಅಷ್ಟೆ. ಹಂಪಿಯ ರಿಪೇರಿಯನ್ನು ಬಗ್ಗಿ ನೋಡಿದವನು ಕಂಡುಹಿಡಿಯಬಹುದು. ನಿಮ್ಮ ನೋಟಿನ ರಿಪೇರಿ, ಭೂತಗನ್ನಡಿ ಹಿಡಿದರೂ ಕಾಣಬಾರದು ಎಂದೇ ಮಾಡಿದ್ದು. ಹಂಪಿಯನ್ನು ಸಾಕ್ಷಿಗೆ ಕರೆದರೆ ಅದು ನನ್ನ ಪರವೇ ಹೇಳೀತು.

ಎರಡು: "ಕೊಳೆ ತೆಗೆದರೆ ನೋಟಿನ ಆಯಸ್ಸು ಹೆಚ್ಚುತ್ತದೆ."

ಇದರಲ್ಲಿ ಅರ್ಧ ನಿಜವಿದೆ. ಹರಿದಲ್ಲಿ ಅಂಟಿಸಿದ ಸೆಲ್ಲೋಟೇಪು ಹಳದಿಯಾಗಿ ಕಾಗದವನ್ನೇ ತಿನ್ನುತ್ತದೆ. ಬಲ್ಲವರಿಂದ ಅದನ್ನು ಬಿಡಿಸಲೇಬೇಕು. ಗೋಧಿ ಪಿಷ್ಟದ ಅಂಟಿನಲ್ಲಿ ತೆಳುವಾದ ಜಪಾನಿ ಕಾಗದ ಕೂರಿಸಿದರೆ ನಾಳೆ ಒದ್ದೆ ಮಾಡಿ ತೆಗೆಯಬಹುದು. ಅದಕ್ಕೆ ನನ್ನ ತಕರಾರಿಲ್ಲ. ತೊಳೆಯುವುದು ಹಾಗಲ್ಲ. ಹರೆಯದಲ್ಲಿ ನಾನೇ ಒಂದು ಹಳೆಯ ಐದರ ನೋಟನ್ನು ಸೋಪಿನ ನೀರಲ್ಲಿ ನೆನೆಹಾಕಿ, ಎರಡು ಹಾಳೆಗಳ ನಡುವೆ ಇಟ್ಟು ಇಸ್ತ್ರಿ ಮಾಡಿದ್ದೆ. ಕೊಳೆ ಹೋಯಿತು. ಕಾಗದಕ್ಕೆ ಬಿಗಿ ಕೊಡುವ ಸರಿಯೂ ನೀರಿನ ಜೊತೆ ಹೋಯಿತು. ಬೆರಳಲ್ಲಿ ಹಿಡಿದು ಅಲ್ಲಾಡಿಸಿದರೆ ಗರಗರ ಅನ್ನುತ್ತಿದ್ದ ನೋಟು, ಒಗೆದ ಕರವಸ್ತ್ರದ ಹಾಗೆ ಜೋತುಬಿತ್ತು. ಹೋದ ಬಿಗಿಯನ್ನು ಯಾವ ಇಸ್ತ್ರಿಯೂ ತಂದುಕೊಡಲಿಲ್ಲ.

ಮೂರು: "ಕಲೆ ಅಂದರೆ ಕಲೆ. ಅದರಲ್ಲೆಂಥ ಇತಿಹಾಸ?"

ಬನ್ನಿ, ಕಂಪ್ಲಿಯ ಹೊಳೆದಂಡೆಗೆ ಹೋಗೋಣ. ಒಂದು ಕಾಲಕ್ಕೆ ತುಂಗಭದ್ರೆಯ ಈಚೆ ಮದ್ರಾಸ್ ಪ್ರೆಸಿಡೆನ್ಸಿ, ಆಚೆ ಆನೆಗೊಂದಿ, ಗಂಗಾವತಿಯ ಕಡೆ ನಿಜಾಮರ ಸೀಮೆ. ಹೊಳೆ ದಾಟಿದರೆ ರೂಪಾಯಿಯೇ ಬೇರೆ: ಹಾಲಿ ಸಿಕ್ಕ. ಸುಮಾರು ಏಳು ಹಾಲಿ ರೂಪಾಯಿ ಕೊಟ್ಟರೆ ಈಚೆ ದಂಡೆಯ ಆರು. ನಿಜಾಮರ ನೋಟಿನಲ್ಲಿ ಉರ್ದು, ಇಂಗ್ಲಿಷಿನ ಜೊತೆ ಕನ್ನಡ, ತೆಲುಗು, ಮರಾಠಿಯೂ ಇತ್ತು. ಅಂಥ ಹತ್ತರ ನೋಟೊಂದು ಈಚೆಯ ದಂಡೆಯ ಮನೆಯೊಂದರ ಲೆಕ್ಕದ ಪುಸ್ತಕದೊಳಗಿಂದ ನನ್ನ ಕೈಗೆ ಬಂತು. ಎರಡು ಸಲ ಮಡಚಿದ ಗುರುತು, ಮೂಲೆಯಲ್ಲಿ ಎಲೆಯಡಿಕೆಯ ಕೆಂಪು. ಆ ಕೆಂಪನ್ನು ತೊಳೆದರೆ, ಎಲೆಯಡಿಕೆ ಚೀಲದಲ್ಲಿ ಹೊಳೆ ದಾಟಿ ಬಂದ ನೋಟು ಯಾವುದೋ ಅಂಗಡಿಯ ಮಾಲಾಗುತ್ತದೆ.

ಇನ್ನೂ ದೊಡ್ಡ ಉದಾಹರಣೆ ಬೇಕೆ? 1922ರ ಮೇ 20ರಂದು ಫ್ರಾನ್ಸಿನ ಕರಾವಳಿಯಾಚೆ 'ಈಜಿಪ್ಟ್' ಎಂಬ ಹಡಗು ಮುಳುಗಿತು. ಅದರಲ್ಲಿ ಚಿನ್ನ, ಬೆಳ್ಳಿಯ ಜೊತೆ ಹೈದರಾಬಾದಿಗೆ ಹೊರಟಿದ್ದ, ಇನ್ನೂ ಸಹಿ ಬೀಳದ ನೋಟುಗಳೂ ಇದ್ದವು. ಹತ್ತು ವರ್ಷದ ಮೇಲೆ ಇಟಲಿಯ ಮುಳುಗುಗಾರರು ಅವನ್ನು ಮೇಲೆತ್ತಿದರು. ಇವತ್ತು ಸಂಗ್ರಾಹಕರು ಅವನ್ನು ಹುಡುಕಿಕೊಂಡು ಹೋಗುವುದು ಆ ಸಮುದ್ರದ ಕಲೆಗಾಗಿಯೇ.

ನಾಲ್ಕು: "ನನ್ನ ನೋಟು, ನನ್ನ ಇಷ್ಟ."

ನಿಮ್ಮ ಆಲ್ಬಮ್ಮಿನೊಳಗೆ ಇರುವವರೆಗೆ ನಿಮ್ಮಿಷ್ಟ. ಇನ್ನೊಬ್ಬರ ಕೈಗೆ ಹೋದಾಗ ಅಲ್ಲ. ಚಲಾವಣೆಯ ನೋಟಿನಲ್ಲೇ ಈ ವಿವೇಕವಿದೆ. ಹರಿದ ಐವತ್ತರ ನೋಟಿನ ಒಂದೇ ತುಂಡು ನೂರಕ್ಕೆ 80ಕ್ಕಿಂತ ಹೆಚ್ಚು ಉಳಿದಿದ್ದರೆ ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಪೂರ್ತಿ ಹಣ, 40ರಿಂದ 80ರವರೆಗೆ ಅರ್ಧ. ಬೇಕೆಂದೇ ಕತ್ತರಿಸಿದ, ತಿದ್ದಿದ ನೋಟಿಗೆ ಮಾತ್ರ ಬಿಡಿಗಾಸೂ ಇಲ್ಲ. ಹರಿದದ್ದನ್ನು ಕ್ಷಮಿಸಬಹುದು, ಕೈಚಳಕವನ್ನಲ್ಲ ಎಂಬುದೇ ಅದರ ತಿರುಳು. ತೇಪೆಯನ್ನು ಬಚ್ಚಿಡದಿರುವುದು ನಮಗೆ ಹೊಸದೂ ಅಲ್ಲ. ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳ ಕಸೂತಿಯನ್ನೋ ನಮ್ಮ ಮನೆಗಳ ಕೌದಿಯನ್ನೋ ಮುಟ್ಟಿ ನೋಡಿ. ಹಳೆ ಸೀರೆಯ ತೇಪೆಗೆ ಬೇರೆ ಬಣ್ಣದ ದಾರ, ಎಣಿಸುವ ಹಾಗೆ ಹೊಲಿಗೆ. ಯಾವ ತೇಪೆ ಯಾರ ಸೀರೆಯದು ಅಂತ ಹೇಳಿಕೊಳ್ಳುವುದೇ ಕೌದಿಯ ಸುಖ.

ಐದು: "ಹೇಳಿದರೆ ಬೆಲೆ ಬೀಳುತ್ತದೆ."

ಬೀಳುತ್ತದೆ. ಐದರಲ್ಲಿ ಅತ್ಯಂತ ಪ್ರಾಮಾಣಿಕ ವಾದ ಇದೇ, ನಿಮ್ಮ ವಿರುದ್ಧ ಹೋಗುವುದೂ ಇದೇ. ಹೇಳಿದಾಗ ಸಾವಿರಕ್ಕೆ ಹೋಗುವ ನೋಟು ಹೇಳದಿದ್ದಾಗ ನಾಲ್ಕು ಸಾವಿರಕ್ಕೆ ಹೋದರೆ, ನಡುವಿನ ಮೂರು ಸಾವಿರ ಬಂದದ್ದು ನೋಟಿನಿಂದಲ್ಲ, ನಿಮ್ಮ ಮೌನದಿಂದ. ಅಮೆರಿಕದ ಪಿಎಂಜಿಯಂಥ ಗ್ರೇಡಿಂಗ್ ಸಂಸ್ಥೆ, ಕಾಗದ ಮೂಲ ಸ್ಥಿತಿಯಲ್ಲಿದ್ದರೆ 'ಇಪಿಕ್ಯು' ಎಂಬ ಗುರುತು ಕೊಡುತ್ತದೆ. ರಿಪೇರಿಯಾದ ನೋಟಿಗೆ ಅದು ಸಿಗುವುದಿಲ್ಲ. ನೀವು ಬಚ್ಚಿಟ್ಟದ್ದು ಒಂದಲ್ಲ ಒಂದು ದಿನ, ನಿಮ್ಮನ್ನು ನಂಬಿ ಕೊಂಡವನ ಮುಂದೆ ಬಯಲಾಗುತ್ತದೆ.

ಕಂಪ್ಲಿಯ ಆ ಹತ್ತರ ನೋಟಿನ ಮಡಿಕೆ ಹರಿದಿತ್ತು; ನಾನೇ ಸರಿಮಾಡಿಸಿದೆ. ಕವರಿನಲ್ಲಿ ಅದರ ಜೊತೆ ಪೆನ್ಸಿಲ್ಲಿನಲ್ಲಿ ಬರೆದ ಚೀಟಿಯಿದೆ: ಎಲ್ಲಿ ಹರಿದಿತ್ತು, ಯಾವ ಅಂಟು, ಯಾವ ವರ್ಷ. ಎಲೆಯಡಿಕೆಯ ಕೆಂಪನ್ನು ಮುಟ್ಟಿಲ್ಲ ಅಂತಲೂ ಬರೆದಿದ್ದೇನೆ. ನಾಳೆ ನೋಟು ಮಾರಬೇಕಾಗಿ ಬಂದರೆ ಚೀಟಿಯನ್ನೂ ಜೊತೆಗೇ ಕೊಡುತ್ತೇನೆ. ಗೆಳೆಯರೇ, ನಿಮ್ಮ ಕವರುಗಳಲ್ಲೂ ಇಂಥದ್ದೊಂದು ಚೀಟಿ ಇಡಿ. ನನ್ನ ಬೇಡಿಕೆ ಅಷ್ಟೇ ಇತ್ತು.