ಸಮಾಧಾನದ ಮಾತೂ ಆಮಿಷನಾ?



ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ನಮ್ಮ ಕಾಲೋನಿಗಳಿಂದ ಭಾನುವಾರ ಪ್ರಾರ್ಥನೆಗೆ ಹೋಗೋ ಹೆಣ್ಮಕ್ಕಳ ಬಗ್ಗೆ ಎರಡು ಥರದ ಮಾತು ಕೇಳ್ತೀನಿ. ಧರ್ಮರಕ್ಷಕರು "ಅಕ್ಕಿ, ದುಡ್ಡಿಗೆ ಹೋಗ್ತಾರೆ" ಅಂತಾರೆ. ನಮ್ಮ ಕೆಲವು ಸಂಗಾತಿಗಳು "ಒಂದು ದೇವರನ್ನ ಬಿಟ್ಟು ಇನ್ನೊಂದು ದೇವರ ಕಾಲಿಗೆ ಬಿದ್ರು" ಅಂತ ನಗ್ತಾರೆ. ಇಬ್ಬರೂ ಆ ಹೆಣ್ಮಕ್ಕಳನ್ನ ಒಂದು ಮಾತು ಕೇಳಿಲ್ಲ.

ನಾನು ಅಂಬೇಡ್ಕರ್‌ವಾದಿ, ಚರ್ಚಿಗೆ ಹೋಗೋನಲ್ಲ. ನಮ್ಮ ದೊಡ್ಡಮ್ಮ ಹೋಗ್ತಾರೆ. ಮಗ ತೀರಿಕೊಂಡಾಗ ಮನೆಗೆ ಬಂದವರೆಲ್ಲ "ಯಾವ ಜನ್ಮದ ಪಾಪನೋ, ಅನುಭವಿಸ್ಬೇಕು" ಅಂದ್ರಂತೆ. ಪ್ರಾರ್ಥನೆಯ ಹೆಂಗಸರು ಮಾತ್ರ ತಲೆ ಮೇಲೆ ಕೈಯಿಟ್ಟು, ಹೆಸರು ಹಿಡಿದು ಕರೆದು, "ನಿನ್ನ ತಪ್ಪು ಏನೂ ಇಲ್ಲಮ್ಮ" ಅಂದ್ರಂತೆ. "ಅವತ್ತು ಗಂಟಲಲ್ಲಿ ಅನ್ನ ಇಳೀತು ಕಣಪ್ಪ" ಅಂತಾರೆ ದೊಡ್ಡಮ್ಮ. ಅಕ್ಕಿ ಇಲ್ಲ, ದುಡ್ಡಿಲ್ಲ. ಸಿಕ್ಕಿದ್ದು ಒಂದು ಮಾತು, ಮುಟ್ಟಿದ ಒಂದು ಕೈ. ಮುಟ್ಟಿಸಿಕೊಳ್ಳದ ಜಾತಿಯಲ್ಲಿ ಹುಟ್ಟಿದವರಿಗೆ ಅದರ ಬೆಲೆ ಗೊತ್ತು.

ಬೈಬಲ್‌ನಲ್ಲಿ ಯೋಬ ಅನ್ನೋನ ಕಥೆ ಇದೆ. ಮಕ್ಕಳು, ದನಕರು, ಆರೋಗ್ಯ ಎಲ್ಲ ಕಳ್ಕೊಂಡು ಬೂದಿಯಲ್ಲಿ ಕೂತಿರ್ತಾನೆ. ಮೂವರು ಗೆಳೆಯರು ಬಂದು ಏಳು ಹಗಲು, ಏಳು ರಾತ್ರಿ ತುಟಿ ಬಿಚ್ಚದೆ ಅವನ ಜೊತೆ ನೆಲದ ಮೇಲೆ ಕೂರ್ತಾರೆ. ಅಲ್ಲೀವರೆಗೆ ಅದು ಸಾಂತ್ವನ. ಆಮೇಲೆ ಬಾಯಿ ತೆರೆದು, ನೀನೇನೋ ಪಾಪ ಮಾಡಿರ್ಬೇಕು ಅಂತ ವಾದ ಹೂಡ್ತಾರೆ. ಕೊನೆಗೆ ದೇವರ ಕೋಪ ಬೀಳೋದು ಆ ಗೆಳೆಯರ ಮೇಲೆ. ಕರ್ಮದ ಮಾತು ಕೇಳಿ ಕೇಳಿ ಬೆಂದ ನಮ್ಮವರಿಗೆ ಈ ಕಥೆ ಯಾಕೆ ಹಿಡಿಸುತ್ತೆ ಅಂತ ನೀವೇ ಯೋಚಿಸಿ.

ಈ ಮಾತುಗಳು ನಮ್ಮ ಭಾಷೆಗೆ ನಿನ್ನೆ ಮೊನ್ನೆ ಬಂದವೂ ಅಲ್ಲ. ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ 1810ರಲ್ಲಿ ಮೊಳಕಾಲ್ಮೂರಿಗೆ ಹತ್ತಿರದ ಬಳ್ಳಾರಿಗೆ ಬಂದ್ರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿತ್ತು. ಅದರ 23ನೇ ಕೀರ್ತನೆಯಲ್ಲಿ ದೇವರು ಕುರಿ ಕಾಯೋನು. ಕುರಿ, ಕಂಬಳಿಯ ಚಳ್ಳಕೆರೆ ಸೀಮೆಯಲ್ಲಿ ಅದನ್ನ ಯಾರಿಗೂ ಬಿಡಿಸಿ ಹೇಳ್ಬೇಕಿಲ್ಲ.

2021ರ ಸೆಪ್ಟೆಂಬರ್‌ನಲ್ಲಿ ನಮ್ಮದೇ ಜಿಲ್ಲೆಯ ಹೊಸದುರ್ಗದ ಆಗಿನ ಶಾಸಕ ಗೂಳಿಹಟ್ಟಿ ಶೇಖರ್, ತಮ್ಮ ತಾಯಿಯನ್ನೇ ಮತಾಂತರ ಮಾಡಿದ್ದಾರೆ ಅಂತ ವಿಧಾನಸಭೆಯಲ್ಲಿ ಹೇಳಿದ್ರು. ಮರುವರ್ಷ ಕಾಯ್ದೆ ಬಂತು. ಅದರಲ್ಲಿ ಆಮಿಷದ ಪಟ್ಟಿಯೊಳಗೆ ಉಡುಗೊರೆ, ಹಣದ ಜೊತೆ ಉತ್ತಮ ಬದುಕಿನ ಭರವಸೆಯೂ ಇದೆ. ಪರಿಶಿಷ್ಟರು, ಹೆಂಗಸರು, ಅಪ್ರಾಪ್ತರು, ಮೂವರನ್ನೂ ಒಂದೇ ಸಾಲಲ್ಲಿ ಇಟ್ಟು ಹೆಚ್ಚಿನ ಶಿಕ್ಷೆ. ಅಂದ್ರೆ ನಮ್ಮ ದೊಡ್ಡಮ್ಮಂಗೆ ಮಗುವಿನಷ್ಟೇ ಬುದ್ಧಿ ಅಂತ ತಾನೆ ಇದರ ಅರ್ಥ?

ಆಮಿಷ ಅಂದ್ರೆ ಏನಾದ್ರೂ ಸಿಗ್ಬೇಕಲ್ಲ ಸ್ವಾಮಿ. ಇಲ್ಲಿ ಇರೋದೇ ಹೋಗುತ್ತೆ. 1950ರ ಆದೇಶದ ಪ್ರಕಾರ ಪರಿಶಿಷ್ಟ ಜಾತಿ ಸ್ಥಾನ ಹಿಂದೂಗಳಿಗಷ್ಟೇ ಇತ್ತು. 1956ರಲ್ಲಿ ಸಿಖ್ಖರನ್ನ, 1990ರಲ್ಲಿ ಬೌದ್ಧರನ್ನ ಸೇರಿಸಿದ್ರು. ಕ್ರೈಸ್ತರಾದ ದಲಿತರು ಹೊರಗೇ ಉಳಿದ್ರು. ಈ ನಿರ್ಬಂಧ ತೆಗೀರಿ ಅಂತ ರಂಗನಾಥ ಮಿಶ್ರಾ ಆಯೋಗ 2007ರಲ್ಲೇ ಹೇಳಿತ್ತು. ಜಾತಿ ಸರ್ಟಿಫಿಕೇಟ್ ಹೋದ್ರೆ ಹಾಸ್ಟೆಲ್ ಸೀಟು, ಸ್ಕಾಲರ್‌ಶಿಪ್, ನೌಕರಿ ಎಲ್ಲಾ ಹೋಗುತ್ತೆ ಅಂತ ಗುಮಾಸ್ತಿಕೆ ಮಾಡೋ ನನಗೆ ಚೆನ್ನಾಗಿ ಗೊತ್ತು. ಇಷ್ಟು ಕಳ್ಕೊಳ್ಳೋ ಭಯ ಇದ್ರೂ ಜನ ಹೋಗ್ತಾರೆ ಅಂದ್ರೆ, ಅವರ ದುಃಖಕ್ಕೆ ಬೇರೆ ಕಡೆ ಕಿವಿ ಸಿಕ್ಕಿಲ್ಲ ಅಂತ.

ಚರ್ಚಿನೊಳಗೂ ಜಾತಿ ಇದೆ, ಅದನ್ನ ಮುಚ್ಚಿಡೋದು ಬೇಡ. "ಈ ಲೋಕದಲ್ಲಿ ಸಹಿಸ್ಕೋ, ಆ ಲೋಕದಲ್ಲಿ ಸುಖ ಇದೆ" ಅಂತ ಹೇಳಿ ದೌರ್ಜನ್ಯದ ಕಂಪ್ಲೇಂಟ್ ಕೊಡದ ಹಾಗೆ ಮಾಡೋ ಪಾಸ್ಟರ್ ಇದ್ರೆ, ಅವನ ಮಾತೂ ಕರ್ಮದ ಮಾತಿನ ತಮ್ಮನೇ. ಸಮಾಧಾನ ಕಣ್ಣೀರು ಒರೆಸ್ಬೇಕು, ಬಾಯಿ ಮುಚ್ಚಿಸ್ಬಾರದು.

ಸಂಗಾತಿಗಳೇ, ಮನವಿ ಪತ್ರ ಬೇಕು, ಧರಣಿ ಬೇಕು, ಎಫ್‌ಐಆರ್ ಬೇಕೇ ಬೇಕು. ಆದ್ರೆ ಮಗನನ್ನ ಕಳ್ಕೊಂಡ ತಾಯಿ ಎದುರು ಘೋಷಣೆ ಕೂಗೋಕಾಗಲ್ಲ. ನಾಳೆ ಯಾವ ಹಟ್ಟಿಯಲ್ಲಿ ಸಾವಾದ್ರೂ, ಮನವಿ ಬರೆಯೋ ಮುಂಚೆ ಇಬ್ಬರು ಹೋಗಿ ಆ ಮನೆಯಲ್ಲಿ ಕೂತ್ಕೊಳ್ಳಿ. ಮೂರನೇ ದಿನ ಎಲ್ಲರೂ ಎದ್ದು ಹೋದ ಮೇಲೂ ಇನ್ನೊಂದು ಸಲ ಹೋಗಿ. ನಿನ್ನ ತಪ್ಪು ಏನೂ ಇಲ್ಲಮ್ಮ ಅನ್ನಿ. ಅದನ್ನ ಹೇಳೋಕೆ ಯಾವ ಧರ್ಮಕ್ಕೂ ಸೇರ್ಬೇಕಿಲ್ಲ. ಹೇಳಿದವರು ಕ್ರೈಸ್ತರಾದ್ರೆ ಅವರ ಮೇಲೆ ಕೇಸು ಹಾಕೋರ ಜೊತೆ ನಾವು ನಿಲ್ಬಾರದು.

ಜೈ ಭೀಮ್.