ಶಿಷ್ಯರೋ, ತಲೆಲೆಕ್ಕವೋ?

ಕೃಷ್ಣರಾಜನಗರ ಸೀಮೆಯ ಡೋರನಹಳ್ಳಿಯಲ್ಲಿ ಜೂನ್ 13ರಂದು ಸಂತ ಅಂತೋಣಿಯವರ ಹಬ್ಬ. ಹೊಲ ಉಳುತ್ತಿದ್ದ ರೈತನೊಬ್ಬನಿಗೆ ಮರದ ವಿಗ್ರಹ ಸಿಕ್ಕಿತಂತೆ. ಗೊಂಬೆಯೆಂದು ತಿಳಿದು ಅದನ್ನು ಮಕ್ಕಳ ಕೈಗೆ ಆಡಲು ಕೊಟ್ಟನಂತೆ. ರಾತ್ರಿ ಕನಸಿನಲ್ಲಿ ಸನ್ಯಾಸಿಯೊಬ್ಬರು ಬಂದು ನನಗೊಂದು ಗುಡಿ ಕಟ್ಟು ಎಂದರಂತೆ. ಹೀಗೆ ಹೇಳುತ್ತದೆ ಅಲ್ಲಿನ ಐತಿಹ್ಯ. 2019ರಲ್ಲಿ ಆ ಚರ್ಚಿಗೆ ಬಸಿಲಿಕ ಎಂಬ ಮನ್ನಣೆಯೂ ಸಿಕ್ಕಿತು. ಅಲ್ಲಿಗೆ ಹರಕೆ ಹೊತ್ತು ಬರುವವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ. ಮೇಣದಬತ್ತಿ ಹಚ್ಚುತ್ತಾರೆ, ಕಷ್ಟ ಹೇಳಿಕೊಳ್ಳುತ್ತಾರೆ, ತಮ್ಮ ತಮ್ಮ ದೇವರಿರುವ ಮನೆಗೆ ಮರಳುತ್ತಾರೆ. ನಮ್ಮ ದರ್ಗಾಗಳಲ್ಲಿ ನಡೆಯುವುದೂ ಇದೇ.

ಇವರೆಲ್ಲ ಭಕ್ತರು, ಶಿಷ್ಯರಲ್ಲ. ಭಕ್ತ ಬೇಡುತ್ತಾನೆ, ಶಿಷ್ಯ ಕಲಿಯುತ್ತಾನೆ. ಈ ವ್ಯತ್ಯಾಸ ಡೋರನಹಳ್ಳಿಗೆ ಹೋಗಿಬರುವ ಅಜ್ಜಿಗೂ ಗೊತ್ತು. ಗೊತ್ತಿಲ್ಲದಿರುವುದು ಇಬ್ಬರಿಗೆ ಮಾತ್ರ: ತಲೆ ಎಣಿಸಿ ವರದಿ ಬರೆಯುವ ಧರ್ಮಪ್ರಚಾರಕರಿಗೆ ಮತ್ತು ಅದೇ ತಲೆಗಳನ್ನು ಎಣಿಸಿ ಕಾನೂನು ಬರೆಯುವ ರಾಜಕಾರಣಿಗಳಿಗೆ. ಹೊರಗೆ ಇವರು ಬದ್ಧ ವೈರಿಗಳು. ಆದರೆ ಇಬ್ಬರ ಕೈಯಲ್ಲಿರುವುದು ಒಂದೇ ಲೆಕ್ಕದ ಪುಸ್ತಕ.

ಯೇಸು ತನ್ನವರಿಗೆ ಕೊನೆಯದಾಗಿ ಒಪ್ಪಿಸಿದ ಕೆಲಸ ಎಲ್ಲ ಜನಾಂಗಗಳವರನ್ನು ಶಿಷ್ಯರನ್ನಾಗಿ ಮಾಡುವುದು ಎನ್ನುತ್ತದೆ ಮತ್ತಾಯನ ಸುವಾರ್ತೆ. ಅಲ್ಲಿ ದೀಕ್ಷಾಸ್ನಾನದ ಮಾತಿದೆ, ಕಲಿಸುವ ಮಾತೂ ಇದೆ. ಆದರೆ ಮೂಲ ಗ್ರೀಕಿನಲ್ಲಿ ಆಜ್ಞೆಯ ರೂಪದಲ್ಲಿರುವ ಕ್ರಿಯಾಪದ ಶಿಷ್ಯರನ್ನಾಗಿ ಮಾಡುವುದು ಒಂದೇ. ಹೋಗುವುದು, ಸ್ನಾನ ಮಾಡಿಸುವುದು, ಕಲಿಸುವುದು ಅದರ ಸುತ್ತ ನಿಂತಿವೆ. ಗ್ರೀಕಿನಲ್ಲಿ ಶಿಷ್ಯನಿಗೆ ಮಥೇತೆಸ್ ಎನ್ನುತ್ತಾರೆ, ಕಲಿಯುವವನು ಎಂದರ್ಥ. ನಮ್ಮ ಸೂಫಿಗಳ ಮುರೀದ್ ಎಂಬ ಮಾತು ಇರಾದೆಯಿಂದ ಬಂದದ್ದು. ತಾನಾಗಿ ಬಯಸಿದವನು ಎಂದರ್ಥ. ಇನ್ನು ಶಾಗಿರ್ದ್ ಎಂದರೆ ಏನೆಂದು ಮೈಸೂರಿನ ಯಾವ ಗ್ಯಾರೇಜಿನ ಹುಡುಗನನ್ನು ಕೇಳಿದರೂ ಹೇಳುತ್ತಾನೆ: ಉಸ್ತಾದನ ಪಕ್ಕ ಕೂತು, ಕೈ ಮಸಿ ಮಾಡಿಕೊಂಡು, ಬೈಗುಳ ತಿಂದು, ವರ್ಷಗಟ್ಟಲೆ ಕಲಿಯುವವನು. ಈ ಯಾವ ಮಾತಿನಲ್ಲೂ ಹೆಸರು ಬದಲಿಸುವುದು ಎಂಬ ಅರ್ಥವಿಲ್ಲ.

ಸುವಾರ್ತೆಗಳನ್ನು ಓದಿದವರಿಗೆ ಇನ್ನೊಂದು ಸಂಗತಿಯೂ ಗೊತ್ತು. ಯೇಸುವಿನ ಜೊತೆ ಹತ್ತಿರದಿಂದ ಕಲಿತವರು 12 ಜನ. ಅವರಲ್ಲೊಬ್ಬ ಹಿಡಿದುಕೊಟ್ಟ, ಇನ್ನೊಬ್ಬ ಗುರುತೇ ಇಲ್ಲವೆಂದ. ಕೊನೆಯ ಅಪ್ಪಣೆ ಕೇಳಿಸಿಕೊಂಡ 11 ಜನರಲ್ಲೂ ಕೆಲವರಿಗೆ ಅನುಮಾನವಿತ್ತು. ಶ್ರೀಮಂತ ಯುವಕನೊಬ್ಬ ಬಂದಾಗ, ಇರುವುದನ್ನೆಲ್ಲ ಮಾರಿ ಬಡವರಿಗೆ ಹಂಚಿ ಬಾ ಎಂದರು. ಅವನು ಸಪ್ಪೆ ಮುಖ ಮಾಡಿಕೊಂಡು ಹೊರಟುಹೋದ. ಯಾರೂ ಅವನ ಬೆನ್ನಟ್ಟಲಿಲ್ಲ. ಜನ ಗುಂಪುಗುಂಪಾಗಿ ಬಿಟ್ಟುಹೋದಾಗ, ನೀವೂ ಹೋಗುತ್ತೀರಾ ಎಂದು ಉಳಿದವರನ್ನು ಕೇಳಿದರು. ಒಬ್ಬನನ್ನು ಮತಕ್ಕೆ ಸೇರಿಸಲು ನೆಲ ಕಡಲು ಸುತ್ತುವ ಪಂಡಿತರನ್ನು ಅವರು ಬೈದಷ್ಟು ಖಾರವಾಗಿ ಇನ್ನಾರನ್ನೂ ಬೈದಂತಿಲ್ಲ. ಇಂಥ ಗುರುವಿನ ಹೆಸರಿನಲ್ಲಿ ತಲೆಲೆಕ್ಕ ಇಡುವುದು ಹೇಗೆ?

ನಮ್ಮ ಸೀಮೆಯಲ್ಲಿ ಈ ಪ್ರಶ್ನೆ ಹೊಸದಲ್ಲ. 1784ರಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ತಂದ. ಅವರಲ್ಲಿ ಅನೇಕರಿಗೆ ಬಲವಂತದ ಸುನ್ನತಿ ನಡೆಯಿತು. ಟಿಪ್ಪುವಿನ ಶೌರ್ಯವನ್ನು ಮೆಚ್ಚುವ ನಾವು ಇದನ್ನು ಮುಚ್ಚಿಡಬೇಕಾಗಿಲ್ಲ. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ಅಲ್ಲಿಗೆ ಬಂದಾಗ, ಹಾಗೆ ಮತ ಬದಲಿಸಲ್ಪಟ್ಟಿದ್ದ ಸುಮಾರು 1800 ಜನ ತಮ್ಮ ಹಳೆಯ ವಿಶ್ವಾಸಕ್ಕೆ ಮರಳಿದರು. ಕತ್ತಿಯ ಕೆಳಗೆ ಒಬ್ಬ ಮುರೀದನೂ ಹುಟ್ಟಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಈ ದುಬ್ವಾ ನಮ್ಮ ಜನರ ಬಾಯಲ್ಲಿ ದೊಡ್ಡಸ್ವಾಮಿಯವರಾದರು. ಸನ್ಯಾಸಿಯಂತೆ ಉಟ್ಟರು, ಮಾಂಸ ಬಿಟ್ಟರು. ಸಿಡುಬಿನ ವಿರುದ್ಧ 1803-04ರಲ್ಲಿ ಅವರ ಮೇಲ್ವಿಚಾರಣೆಯಲ್ಲಿ ಲಸಿಕೆ ಹಾಕಿಸಿಕೊಂಡವರು 25,432 ಜನ. ಮೂವತ್ತು ವರ್ಷ ಈ ದೇಶದಲ್ಲಿ ದುಡಿದು 1823ರಲ್ಲಿ ಮರಳಿದ ಅವರು ಅದೇ ವರ್ಷ ಲಂಡನ್ನಿನಲ್ಲಿ ಭಾರತದ ಕ್ರೈಸ್ತ ಧರ್ಮದ ಸ್ಥಿತಿ ಕುರಿತ ತಮ್ಮ ಪತ್ರಗಳನ್ನು ಪ್ರಕಟಿಸಿದರು. ತಾವು ಮತಕ್ಕೆ ಸೇರಿಸಿದವರು ಇನ್ನೂರು ಮುನ್ನೂರು ಜನ. ಅವರಲ್ಲೂ ಹೆಚ್ಚಿನವರು ದಿಕ್ಕಿಲ್ಲದೆ, ಮದುವೆ ಸಂಬಂಧಕ್ಕೆಂದೋ ಬೇರೆ ಲಾಭಕ್ಕೆಂದೋ ಬಂದವರು ಎಂದು ಬರೆದರು. ಮಿಷನರಿಗಳು ಸಿಟ್ಟಾದರು. ಜೇಮ್ಸ್ ಹಫ್ ಎಂಬ ಪಾದ್ರಿ 1824ರಲ್ಲಿ ಪುಸ್ತಕವನ್ನೇ ಬರೆದು ಉತ್ತರ ಕೊಟ್ಟ. ದುಬ್ವಾ ಅವರ ಮಾತಿನಲ್ಲಿ ಬಡವರ ಬಗ್ಗೆ ತಾತ್ಸಾರವಿದೆ, ಅದನ್ನು ಒಪ್ಪಲಾಗದು. ದಿಕ್ಕಿಲ್ಲದವನು ಆಸರೆ ಹುಡುಕಿ ಬಂದರೆ ಅವನ ವಿಶ್ವಾಸ ಸುಳ್ಳೇ ಆಗಬೇಕೆಂದಿಲ್ಲ. ಆದರೆ ಲೆಕ್ಕಕ್ಕೆ ಸಿಕ್ಕವರೆಲ್ಲ ಶಿಷ್ಯರಲ್ಲ ಎಂದು ಒಬ್ಬ ಪಾದ್ರಿಯೇ ಸತ್ಯ ನುಡಿದದ್ದು ದೊಡ್ಡದು.

ಅದು ಎಲ್ಲರ ಕಿವಿಗೂ ಬಿದ್ದಿಲ್ಲ. ಅಮೆರಿಕದ ಜೋಶುವಾ ಪ್ರಾಜೆಕ್ಟ್ ಎಂಬ ಸಂಸ್ಥೆ ಲೋಕದ ಜನಾಂಗಗಳನ್ನೆಲ್ಲ ಪಟ್ಟಿ ಮಾಡಿ, ಸುವಾರ್ತಾವಾದಿ ಕ್ರೈಸ್ತರು ಶೇಕಡ 2ಕ್ಕಿಂತಲೂ ಒಟ್ಟು ಕ್ರೈಸ್ತರು ಶೇಕಡ 5ಕ್ಕಿಂತಲೂ ಕಡಿಮೆ ಇರುವ ಜನಾಂಗಗಳನ್ನು ಇನ್ನೂ ತಲುಪದವು ಎಂದು ಗುರುತಿಸುತ್ತದೆ. ನಮ್ಮ ಜಾತಿ ಬುಡಕಟ್ಟುಗಳಿಗೂ ಅಲ್ಲಿ ಅಂಕಿ ಬಿದ್ದಿದೆ. ಜನಾಂಗವೊಂದು ಶೇಕಡವಾರು ಆದಮೇಲೆ ಅದರ ಹಾಡು, ಅದರ ಕಾಡು, ಅದರ ಹಸಿವು ಯಾವುದೂ ಕಣ್ಣಿಗೆ ಬೀಳುವುದಿಲ್ಲ.

ಈಗ ಎರಡನೆಯ ಲೆಕ್ಕಿಗರ ಸರದಿ. ಕರ್ನಾಟಕದ 2022ರ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯಿದೆಯ ಹೆಸರಿನಲ್ಲಿ ಸ್ವಾತಂತ್ರ್ಯವಿತ್ತು, ಒಳಗೆ ಬೇಲಿಯಿತ್ತು. ಮತ ಬದಲಿಸುವವರು 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು; ಅದನ್ನು ನೋಟಿಸು ಬೋರ್ಡಿಗೆ ಅಂಟಿಸಿ ಆಕ್ಷೇಪಣೆ ಕರೆಯಬೇಕು, ಜಮೀನು ಖಾತೆ ಬದಲಾವಣೆಯಂತೆ! ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಪುಕ್ಕಟೆ ವಿದ್ಯೆ, ಒಳ್ಳೆಯ ಬದುಕಿನ ಭರವಸೆ ಇವೂ ಆಮಿಷದ ಪಟ್ಟಿಯಲ್ಲಿದ್ದವು. ಸಾಮಾನ್ಯ ಪ್ರಕರಣಕ್ಕೆ 3ರಿಂದ 5 ವರ್ಷ ಸೆರೆ. ಅಪ್ರಾಪ್ತರು, ಬುದ್ಧಿ ಸ್ವಾಧೀನವಿಲ್ಲದವರು, ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರ ವಿಷಯವಾದರೆ 10 ವರ್ಷದವರೆಗೆ. ಈ ಸಾಲನ್ನು ಇನ್ನೊಮ್ಮೆ ಓದಿ. ಓದು ಬಲ್ಲ, ಮಕ್ಕಳನ್ನು ಸಾಕಿದ ಹೆಣ್ಣೊಬ್ಬಳನ್ನೂ ಕಾಡಿನ ಗಿಡಮೂಲಿಕೆಯೆಲ್ಲ ಬಲ್ಲ ಆದಿವಾಸಿಯನ್ನೂ ಬುದ್ಧಿ ಸ್ವಾಧೀನವಿಲ್ಲದವರ ಸಾಲಿನಲ್ಲಿ ನಿಲ್ಲಿಸಿದ್ದಾರೆ! ಹಿಂದಿನ ಮತಕ್ಕೆ ಮರಳಿದರೆ ಮಾತ್ರ ಅದು ಮತಾಂತರವೇ ಅಲ್ಲವಂತೆ. 2023ರ ಜೂನ್ 15ರಂದು ಈ ಕಾಯಿದೆಯನ್ನು ಹಿಂಪಡೆಯಲು ಸಚಿವ ಸಂಪುಟ ತೀರ್ಮಾನಿಸಿತು. ಆದರೆ ಅದನ್ನು ಬರೆಸಿದ ಮನಸ್ಸನ್ನು ಹಿಂಪಡೆಯಲು ಯಾವ ಸಂಪುಟಕ್ಕೂ ಸಾಧ್ಯವಿಲ್ಲ.

ಹೆಗ್ಗಡದೇವನಕೋಟೆಯ ಹಾಡಿಗಳಲ್ಲಿರುವ ಜೇನುಕುರುಬರ ಹಿಂದಿನ ಮತ ಯಾವುದು? ಅವರ ದೈವಗಳು ನಾಗರಹೊಳೆಯ ಕಾಡಿನಲ್ಲಿವೆ. ಅಲ್ಲಿಂದ ಅವರನ್ನು ಎಬ್ಬಿಸಿದ್ದು ಪಾದ್ರಿಯೂ ಅಲ್ಲ, ಮೌಲವಿಯೂ ಅಲ್ಲ, ಸರ್ಕಾರವೇ. ಹೈಕೋರ್ಟು ನೇಮಿಸಿದ, ಪ್ರೊ. ಮುಜಾಫರ್ ಅಸ್ಸಾದಿ ಅವರ ನೇತೃತ್ವದ ಸಮಿತಿ 2014ರಲ್ಲಿ ಕೊಟ್ಟ ವರದಿಯಲ್ಲಿ ಪುನರ್ವಸತಿ ಸಿಗಬೇಕೆಂದು ಗುರುತಿಸಿದ ಕುಟುಂಬಗಳು 3,418. ಆದಿವಾಸಿಯನ್ನು ಆಮಿಷದಿಂದ ಕಾಪಾಡುತ್ತೇವೆ ಎನ್ನುವವರು ಮೊದಲು ಈ ಲೆಕ್ಕ ಚುಕ್ತಾ ಮಾಡಲಿ. ದೈವದ ಕಲ್ಲಿನಿಂದಲೇ ಬೇರ್ಪಡಿಸಿದವರಿಗೆ ಮತಾಂತರದ ಮಾತಾಡುವ ನೈತಿಕತೆ ಎಲ್ಲಿದೆ?

ಹಾಗಾದರೆ ಶಿಷ್ಯ ಯಾರು? ಸ್ಟ್ಯಾನ್ ಸ್ವಾಮಿ ಎಂಬ ಜೆಸ್ಯೂಟ್ ಪಾದ್ರಿ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನಲ್ಲಿ ವರ್ಷಗಳ ಕಾಲ ದುಡಿದವರು. ಆಮೇಲೆ ಜಾರ್ಖಂಡಿನಲ್ಲಿ ಆದಿವಾಸಿಗಳ ಭೂಮಿಗಾಗಿ, ವಿಚಾರಣೆಯಿಲ್ಲದೆ ಜೈಲಿನಲ್ಲಿ ಕೊಳೆಯುವ ಹುಡುಗರಿಗಾಗಿ ನಿಂತರು. 2020ರ ಅಕ್ಟೋಬರಿನಲ್ಲಿ ಅವರನ್ನು ಬಂಧಿಸಿದರು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತಿದ್ದ ಮುದುಕ, ಜಾಮೀನು ಸಿಗದೆಯೇ 2021ರ ಜುಲೈ 5ರಂದು ತೀರಿಕೊಂಡರು. ಅವರು ಎಷ್ಟು ಜನರನ್ನು ಮತಕ್ಕೆ ಸೇರಿಸಿದರು ಎಂದು ಕೇಳುವವನಿಗೆ ಶಿಷ್ಯತ್ವ ಅರ್ಥವಾಗಿಲ್ಲ. ಗುರು ನಡೆದ ದಾರಿಯಲ್ಲಿ, ಗುರುವಿಗೆ ಬಂದದ್ದು ತನಗೂ ಬಂದೀತೆಂದು ತಿಳಿದೂ ನಡೆದರಲ್ಲ, ಅದೇ ಶಿಷ್ಯತ್ವ.

ಈ ಮಾತು ನಮಗೂ ಸಲ್ಲಬೇಕು. ಯಾರೋ ಒಬ್ಬ ಕಲಿಮಾ ಓದಿದನೆಂದರೆ ಫೋಟೊ ತೆಗೆದು ಊರಿಗೆಲ್ಲ ಹಂಚುವವರು ನಮ್ಮಲ್ಲಿಯೂ ಇದ್ದಾರೆ. ಮರುವಾರ ಅವನಿಗೆ ಬಾಡಿಗೆ ಮನೆ ಸಿಕ್ಕಿತೇ, ಯಾರಾದರೂ ಹೆಣ್ಣು ಕೊಟ್ಟರೇ ಎಂದು ಕೇಳುವವರಿಲ್ಲ.

ತನ್ನಿಚ್ಛೆಯಿಂದ ಒಬ್ಬ ಮನುಷ್ಯ ಒಬ್ಬ ಗುರುವಿನ ಕಡೆಗೆ ಹೊರಟರೆ ಅವನನ್ನು ತಡೆಯುವ ಹಕ್ಕು ತಹಶೀಲ್ದಾರರಿಗಿಲ್ಲ. ಅವನು ಹೊರಡದಿದ್ದರೆ ಎಳೆದೊಯ್ಯುವ ಹಕ್ಕು ಯಾವ ಪ್ರಚಾರಕನಿಗೂ ಇಲ್ಲ. ಹಾಡಿಯ ಜನರನ್ನು ತಮ್ಮ ಪಟ್ಟಿಗೆ ಸೇರಿಸಲು ಹೊರಟವರೆಲ್ಲ ಒಂದಷ್ಟು ವರ್ಷ ಅವರ ಪಕ್ಕದಲ್ಲಿ ಶಾಗಿರ್ದರಾಗಿ ಕೂರಲಿ. ಅಲ್ಲಿ ಕಲಿಯುವುದು ಬಹಳ ಇದೆ.