ಸಾವಿನ ಮನೆಯಲ್ಲಿ ಲೆಕ್ಕ ಹೇಳಬೇಡಿ

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ 11 ಮಂದಿ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಬಹುತೇಕರು ಎಳೆ ಹರೆಯದವರು. ಶಾಲೆಗೆ ಹೋಗುವ ಹುಡುಗಿಯೂ ಇದ್ದಳು. ಹೊರಗೆ ಹೀಗಾಗಿದ್ದರೂ ಒಳಗೆ ಆರ್‌ಸಿಬಿ ತಂಡದ ಐಪಿಎಲ್ ಗೆಲುವಿನ ಸಂಭ್ರಮ ನಡೆಯಿತು. ಕಾರ್ಯಕ್ರಮ ಮೊಟಕಾಯಿತೇ ಹೊರತು ರದ್ದಾಗಲಿಲ್ಲ.

ಅಂದೇ ಮುಖ್ಯಮಂತ್ರಿ ಸಿದ್ದರಾಮಯ್ಯ ಆಸ್ಪತ್ರೆಗೆ ಹೋದರು, ದುಃಖ ಹೇಳಿಕೊಂಡರು, ಮೃತರ ಕುಟುಂಬಗಳಿಗೆ ತಲಾ 10 ಲಕ್ಷ ರೂಪಾಯಿ ಪರಿಹಾರ ಘೋಷಿಸಿದರು. ಅದು ಆಗಿದೆ, ಒಪ್ಪೋಣ. ಆದರೆ ವಿರೋಧ ಪಕ್ಷದ ಟೀಕೆಯ ಮಾತು ಬಂದದ್ದೇ ತಡ, ಕುಂಭಮೇಳದಲ್ಲೂ 50–60 ಜನ ಸತ್ತಿದ್ದರಲ್ಲ ಎಂದುಬಿಟ್ಟರು. ಕ್ರೀಡಾಂಗಣ ಹಿಡಿಸುವುದು 35 ಸಾವಿರ, ಬಂದದ್ದು ಎರಡು–ಮೂರು ಲಕ್ಷ ಎಂಬ ಲೆಕ್ಕವನ್ನೂ ಕೊಟ್ಟರು.

ನಮ್ಮ ಕಡೆ ಸಾವಿನ ಮನೆಗೆ ಹೋದವರು ಮೊದಲು ಸುಮ್ಮನೆ ಕೂರುತ್ತಾರೆ. ಮಗನನ್ನು ಕಳೆದುಕೊಂಡ ತಾಯಿಯ ಮುಂದೆ, ಪಕ್ಕದೂರಲ್ಲಿ ಇನ್ನೂ ಹೆಚ್ಚು ಹೆಣ ಬಿದ್ದಿವೆ ಎಂದು ಯಾರಾದರೂ ಬಾಯಿಬಿಟ್ಟರೆ ಊರವರೇ ಎಬ್ಬಿಸಿ ಕಳಿಸುತ್ತಾರೆ. ಕೋಟ್ಯಂತರ ಜನರ ಮುಖ್ಯಮಂತ್ರಿಗೆ ಅಷ್ಟು ಹೊತ್ತಿನ ಮೌನವೂ ಸಾಧ್ಯವಾಗಲಿಲ್ಲವೇ? ಕುಂಭಮೇಳ ನಡೆದ ಪ್ರಯಾಗರಾಜ್‌ನ ಸಾವುಗಳು ಅಲ್ಲಿನ ಬಿಜೆಪಿ ಸರ್ಕಾರ ಉತ್ತರಿಸಬೇಕಾದ ಸಾವುಗಳು. ಅಲ್ಲಿ ಅದೇ ವರ್ಷದ ಜನವರಿ 29ರ ನಸುಕಿನಲ್ಲಿ ಸತ್ತವರ ಸಂಖ್ಯೆ ಅಧಿಕೃತವಾಗಿ ಹೊರಬೀಳಲು ಸಂಜೆಯಾಗಿತ್ತು. ಇಲ್ಲಿ ಆರ್ಭಟಿಸಿದ ಬಿಜೆಪಿ ನಾಯಕರು ಅದನ್ನೂ ಇದೇ ದನಿಯಲ್ಲಿ ಕೇಳಬೇಕಿತ್ತು. ಆದರೆ ಅವರ ಇಬ್ಬಂದಿತನ ಮುಖ್ಯಮಂತ್ರಿಯ ಮಾತಿಗೆ ಸಮರ್ಥನೆಯಾಗದು.

ನನ್ನನ್ನು ಹೆಚ್ಚು ಕೆರಳಿಸಿದ್ದು ಕೇಳಿಬಂದ ಇನ್ನೊಂದು ಪ್ರಶ್ನೆ: ಅಷ್ಟು ಜನರನ್ನು ಬರಹೇಳಿದವರು ಯಾರು? ಬರಹೇಳಿದ್ದು ನೀವೇ, ತಂಡವೂ ಸರ್ಕಾರವೂ. ಮೆರವಣಿಗೆಯಿದೆ, ಉಚಿತ ಪಾಸ್ ಇದೆ ಎಂದು ಸಾರಿದ್ದು ತಂಡ. ವಿಧಾನಸೌಧದ ಮೆಟ್ಟಿಲ ಮೇಲೆ ಸನ್ಮಾನ ಇಟ್ಟುಕೊಂಡದ್ದು ಸರ್ಕಾರ. ಆಟಗಾರರ ಪಕ್ಕ ಫೋಟೊಗೆ ನಿಲ್ಲಲು ಗಣ್ಯರೂ ಅವರ ಮನೆಯವರೂ ಮುಗಿಬಿದ್ದರು, ಅವರದು ಅಭಿಮಾನ. ಈ ಗೆಲುವಿಗಾಗಿ 18 ವರ್ಷ ಕಾದು, ಮೆಟ್ರೊ ಹತ್ತಿ ಬಂದ ಹುಡುಗರದು ಹುಚ್ಚು! ಕ್ರಿಕೆಟ್ ನೋಡಹೋಗಿ ಸತ್ತವರಿಗೆ ಅಳುವುದೇಕೆ ಎಂಬ ತಾತ್ಸಾರ ಆಮೇಲೆ ಹಲವರ ಬಾಯಲ್ಲಿ ಕೇಳಿಬಂತು. ಆ ತಾತ್ಸಾರಕ್ಕೆ ಧೈರ್ಯ ತುಂಬಿದ್ದು ಮೇಲಿನವರ ಲೆಕ್ಕಾಚಾರದ ಮಾತು.

ಮರುದಿನ ಪೊಲೀಸ್ ಆಯುಕ್ತರ ಅಮಾನತಾಯಿತು. ಬಳಿಕ ಪರಿಹಾರ 25 ಲಕ್ಷಕ್ಕೆ ಏರಿತು. ದುರಂತದ ವಿಚಾರಣೆಗೆ ನೇಮಿಸಿದ್ದ ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಆಯೋಗ ಜುಲೈನಲ್ಲಿ ವರದಿ ಕೊಟ್ಟಿತು. ಮುಖ್ಯಮಂತ್ರಿ ಆ ವರದಿ ಹಿಡಿದು ಕ್ಯಾಮೆರಾಗಳಿಲ್ಲದೆ 11 ಮನೆಗಳಿಗೂ ಹೋಗಲಿ. ಗೇಟು ತೆರೆಯುವ ಹೊಣೆ ಯಾರದಾಗಿತ್ತು, ಸುದ್ದಿ ತಿಳಿದ ಮೇಲೂ ಸಂಭ್ರಮ ಏಕೆ ನಿಲ್ಲಲಿಲ್ಲ ಎಂದು ಆ ಮನೆಯವರು ಕೇಳುತ್ತಾರೆ. ಎದುರು ಕೂತು ಉತ್ತರಿಸಲಿ.